ಮಂಕಾಗದ ಬಲ್ಬು

ನಮ್ಮವರ ಹೆಸರು ಗುರುಪಾದ. ಅವರು ಬದುಕಿದ್ದಾಗ ಆ ಹೆಸರನ್ನು ನಾನು ಬಾಯಲ್ಲಿ ಆಡಲಿಲ್ಲ. ಈಗ ಬರೆಯುತ್ತಿದ್ದೇನೆ. ತಾರಿಹಾಳದ ಕಾರ್ಖಾನೆಯೊಂದರಲ್ಲಿ ಮೋಟಾರಿಗೆ ತಂತಿ ಸುತ್ತುತ್ತಿದ್ದರು. ಮನೆಗೆ ಬಂದರೆ ಹಾಡು ಜೋರಾಗಿ ಕೇಳಿಸುವ ಆಂಪ್ಲಿಫೈಯರ್ ಕಟ್ಟುತ್ತಿದ್ದರು.

ನನಗೆ ಭಯ. ಮದುವೆಯಾದ ವರ್ಷವೇ ಒಂದು ಕೆಪ್ಯಾಸಿಟರ್ ಸಿಡಿದು, ಅದರ ತಗಡು ಅವರ ಕಿವಿಯ ಪಕ್ಕದಿಂದ ಹಾರಿ ಗೋಡೆಗೆ ಬಡಿಯಿತು.

"ದೇಶಪಾಂಡೆ ನಗರದ ಅಂಗಡ್ಯಾಗ ರೆಡಿ ಸಿಗ್ತೈತಲ್ರೀ," ಅಂದೆ.

"ಹಂಗಾರ ರೊಟ್ಟೀನೂ ಖಾನಾವಳಿಯಿಂದ ತರ್ಲೇನು?" ಅಂದು ನಕ್ಕರು.

ಆದರೆ ಅಂದಿನಿಂದ ಹೊಸದನ್ನು ನೇರ ಕರೆಂಟಿಗೆ ಹಚ್ಚಲಿಲ್ಲ. ನಡುವೆ ಒಂದು ನೂರು ವ್ಯಾಟಿನ ಬಲ್ಬು ಇಡುತ್ತಿದ್ದರು. ಬಲ್ಬು ಹೊತ್ತಿ ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ಒಳಗೆ ತಪ್ಪಿದೆ. ಅವರು "ಹಚ್ಚು" ಅಂದರೆ ನಾನು ಸ್ವಿಚ್ ಒತ್ತುತ್ತಿದ್ದೆ. ಹತ್ತೊಂಬತ್ತು ವರ್ಷ.

ಕಡೆಯದನ್ನು ಮಗಳು ನಿರುಪಮಾಳಿಗೆಂದು ಕಟ್ಟಿದರು. ಮುಚ್ಚಳ ಹಾಕಿ, ನಾಳೆ ಹಚ್ಚೋಣ ಅಂದರು. ಮರುದಿನ ಕಾರ್ಖಾನೆಯಲ್ಲೇ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ನಾಲ್ಕು ತಿಂಗಳು ಅದನ್ನು ಯಾರೂ ಮುಟ್ಟಲಿಲ್ಲ. ಮೊನ್ನೆ ಕೇಶ್ವಾಪುರದಿಂದ ಕಾಯಿಪಲ್ಲೆ ತಂದು ಬಾಗಿಲು ತೆರೆದರೆ, ಮಗಳು ಅದರ ಪ್ಲಗ್ ಹಿಡಿದು ಗೋಡೆಯ ಹತ್ತಿರ ಕೂತಿದ್ದಳು.

"ತಡೀ! ಬಲ್ಬಿಲ್ಲದ ಹಚ್ಚಬ್ಯಾಡ!"

"ಅವ್ವಾ, ಇದು ಅಪ್ಪ ಕಟ್ಟಿದ್ದು. ಇದಕ್ಕೂ ಪರೀಕ್ಷಾ ಬೇಕೇನು?"

"ಅವರೇ ಮಾಡ್ತಿದ್ರು. ನೀ ಅವರಕಿಂತ ಶಾಣ್ಯಾಕಿ ಏನು?"

ಬಲ್ಬಿನ ಬೋರ್ಡು ತಂದು ಜೋಡಿಸಿದೆ. ಅವಳನ್ನು ಬಾಗಿಲಾಚೆ ನಿಲ್ಲಿಸಿ ಸ್ವಿಚ್ ಒತ್ತಿದೆ. ಬಲ್ಬು ಹೊತ್ತಿತು. ಮಂಕಾಗಲಿ ಎಂದು ಕಾದೆ. ಆಗಲಿಲ್ಲ. ಆರಿಸಿದೆ.

"ಅಪ್ಪ ತಪ್ಪು ಮಾಡ್ಯಾನೇನು?"

"ಹೂಂ."

"ಸುಳ್ಳು. ನಿನಗ ಜೋಡಿಸಾಕ ಬರಂಗಿಲ್ಲ. ನಾ ಬಿಚ್ಚಿ ನೋಡ್ತೇನಿ."

ಅವಳು ಸ್ಕ್ರೂಡ್ರೈವರ್ ಎತ್ತಿಕೊಂಡಳು. ಆರಿಸಿದ ಮೇಲೂ ಒಳಗಿನ ಕೆಪ್ಯಾಸಿಟರಿನಲ್ಲಿ ಕರೆಂಟು ನಿಂತಿರುತ್ತದೆ, ಮುಟ್ಟಿದರೆ ಹೊಡೆಯುತ್ತದೆ. ಅದನ್ನು ಇಳಿಸುವುದು ಅವರಿಗೆ ಗೊತ್ತಿತ್ತು. ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಅವಳ ಮುಂಗೈ ಹಿಡಿದೆ. ಬಳೆ ಒಡೆಯಿತು. ಬಿಡಲಿಲ್ಲ.

ಅದೇ ಸಂಜೆ ಆ ಆಂಪ್ಲಿಫೈಯರಿನ ಡಬ್ಬಿಯನ್ನು ಸೀರೆಯಲ್ಲಿ ಸುತ್ತಿಕೊಂಡು, ಅವರ ಜೊತೆ ಕೆಲಸ ಮಾಡುತ್ತಿದ್ದ ಹೊಳೆಯಪ್ಪನವರ ಮನೆಗೆ ಒಯ್ದೆ.

"ಅಕ್ಕಾರ, ರಿಪೇರಿ ಮಾಡಿ ತಂದು ಕೊಡ್ತೇನಿ," ಅಂದರು.

"ಬ್ಯಾಡ್ರಿ. ತಿರುಗಿ ತರಬ್ಯಾಡ್ರಿ. ಅಕಿ ಮತ್ತ ಬಿಚ್ಚಾಕ ಕುಂದ್ರತಾಳ."

ಬರುವಾಗ ಅಂಗಡಿಯ ರೆಡಿ ಆಂಪ್ಲಿಫೈಯರ್ ಒಂದನ್ನು ಕೊಂಡು ತಂದೆ. ಮಗಳು ಅದರ ಪೆಟ್ಟಿಗೆಯನ್ನು ಒಡೆದೂ ನೋಡಿಲ್ಲ. ಮೂರು ದಿನವಾಯಿತು, ನನ್ನೊಡನೆ ಮಾತಿಲ್ಲ. ಪಕ್ಕದ ಕೋಣೆಯಲ್ಲಿ ಅವಳು ಕೆಮ್ಮುವುದು ಕೇಳಿಸುತ್ತದೆ. ಕೇಳಿಸದಿದ್ದರೆ ಎದ್ದು ಹೋಗಿ ನೋಡಿ ಬರುತ್ತೇನೆ.