ಊರು ಅಂದರೆ ಯಾವ ಊರು?

ಮಧ್ಯಾಹ್ನ ಊಟವಾದ ಮೇಲೆ ನಿದ್ದೆ ಬರಲೆಂದು ನಾನು ಪ್ರಾಚೀನ ರೋಮಿನ ಇತಿಹಾಸ ಓದುತ್ತೇನೆ. ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ನನಗೆ ಇದಕ್ಕಿಂತ ಒಳ್ಳೆಯ ಔಷಧ ಸಿಕ್ಕಿಲ್ಲ. ಎರಡು ಯುದ್ಧ ಮುಗಿಯುವುದರೊಳಗೆ ಗೊರಕೆ. ಈಚೆಗೆ ಮಾತ್ರ ಒಂದು ಸಣ್ಣ ಪದ ಆ ನಿದ್ದೆ ಕೆಡಿಸಿತು. ಬರೆದ ಪುಣ್ಯಾತ್ಮ ಅಕ್ಕಪಕ್ಕದ ಹಳ್ಳಿ, ಹೊಳೆ, ಗುಡ್ಡ ಎಲ್ಲವನ್ನೂ ಹೆಸರು ಹಿಡಿದು ಹೇಳುತ್ತಾನೆ. ತನ್ನ ರೋಮ್ ಬಂದಾಗ ಮಾತ್ರ ಬಹಳ ಕಡೆ ಬರೀ ‘ಊರು’ ಎಂದುಬಿಡುತ್ತಾನೆ. ಊರಲ್ಲಿ ಗಲಾಟೆಯಾಯಿತು, ಊರಿಂದ ಸೈನ್ಯ ಹೊರಟಿತು. ವರ್ಷ ಎಣಿಸುವುದೂ ಊರು ಕಟ್ಟಿದಾಗಿನಿಂದಲೇ! ಯಾವ ಊರು ಎಂದು ಕೇಳುವವನೇ ದಡ್ಡ.

ನನಗೇನೂ ಇದು ಹೊಸದಲ್ಲ. ನನ್ನ ಹೆಂಡತಿ ಗಿರಿಜಾ ಮದುವೆಯಾದಾಗಿನಿಂದ ಹೀಗೇ ಮಾತಾಡುತ್ತಾಳೆ. “ಊರಿಗೆ ಹೋಗಿ ಬರ್ತೀನ್ರೀ” ಎಂದರೆ ಮುಂಡರಗಿ ಬಸ್ಸು ಹಿಡಿದು, ಹೊಳೆದಂಡೆಯ ತವರು ಸಿಂಗಟಾಲೂರಿಗೆ ಹೊರಟಳೆಂದೇ ಲೆಕ್ಕ. ನನ್ನ ಬಾಯಲ್ಲಿ ಊರು ಎಂದರೆ ಲಕ್ಷ್ಮೇಶ್ವರ. ಸಂಸಾರ ಮಾಡಿದ್ದು ಮಾತ್ರ ಬೆಟಗೇರಿಯಲ್ಲಿ, ಮಗ್ಗದ ಸದ್ದು ಕೇಳುವ ಓಣಿಯ ಬಾಡಿಗೆ ಮನೆಯಲ್ಲಿ. ಪಾಪ, ಬೆಟಗೇರಿಯನ್ನು ಊರು ಎಂದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಆ ಹೊಳೆಯಿಂದ ಇಲ್ಲಿನ ನಳಕ್ಕೆ ಬರುವ ನೀರನ್ನು ಕೂಡ ಗಿರಿಜಾ “ನಮ್ಮೂರ ಹೊಳಿ ನೀರು” ಎಂದು ತವರಿನ ಪಾಲಿಗೇ ಹಾಕಿಕೊಳ್ಳುತ್ತಾಳೆ.

ಈ ವರ್ಷ ಮನೆ ಮಾಲೀಕರು ಬಂದು, “ಸರ, ಮನಿ ಮಾರಬೇಕಂತ ಮಾಡೇನ್ರಿ. ನೀವ ತಗೊಂಡ್ರ ಸಂತೋಷ, ಇಲ್ಲಂದ್ರ ಬ್ಯಾರೆ ಕಡೆ ನೋಡ್ಕೋರಿ” ಎಂದರು. ಅಲ್ಲಿಂದ ನಮ್ಮಿಬ್ಬರ ಯುದ್ಧ ಶುರು. ಲಕ್ಷ್ಮೇಶ್ವರಕ್ಕೆ ಹೋಗೋಣ ಎಂದು ನಾನು, ತವರಿಗೆ ಹತ್ತಿರದ ಮುಂಡರಗಿಯಲ್ಲಿ ಮನೆ ಮಾಡೋಣ ಎಂದು ಅವಳು. “ನಿಮ್ಮೂರಾಗ ನಿಮ್ಮೋರಂತ ಯಾರ ಉಳದಾರ್ರೀ? ನನಗ ಹೊಳಿ ಆದ್ರೂ ಐತಿ” ಎಂದು ಒಂದು ದಿನ ಅಂದೇಬಿಟ್ಟಳು. ನನಗೆ ನಿಜಕ್ಕೂ ನೋವಾಯಿತು.

ರೋಮಿನವರಿಗೂ ಇದೇ ಪಂಚಾಯ್ತಿ ಬಂದಿತ್ತು. ಶತ್ರುಗಳು ಊರು ಸುಟ್ಟು ಹೋದ ಮೇಲೆ, ಹತ್ತಿರದಲ್ಲೇ ತಾವು ಗೆದ್ದಿದ್ದ ಇನ್ನೊಂದು ಊರಿಗೆ ಹೋಗಿಬಿಡೋಣ ಎಂದು ಬಹಳ ಜನರ ಹಟ. ಹಿರಿಯರು ಸಭೆ ಕೂತು ತಲೆ ಕೆಡಿಸಿಕೊಂಡಿದ್ದಾಗ, ಹೊರಗೆ ಹಾದು ಹೋಗುತ್ತಿದ್ದ ದಳದ ನಾಯಕನೊಬ್ಬ ಬಾವುಟದವನಿಗೆ, ಇಲ್ಲೇ ನೆಡು, ನಮಗೆ ಇದೇ ಒಳ್ಳೆಯ ಜಾಗ ಎಂದನಂತೆ. ಅವನು ಹೇಳಿದ್ದು ಬಾವುಟದ ವಿಷಯ. ಹಿರಿಯರು ಮಾತ್ರ ಅದನ್ನೇ ಶಕುನವೆಂದು ಒಪ್ಪಿ ಎದ್ದರು. ಓದಿ ನಕ್ಕಿದ್ದೆ. ಇಷ್ಟು ದೊಡ್ಡ ತೀರ್ಮಾನವನ್ನು ಹೀಗೆಲ್ಲ ಮಾಡುತ್ತಾರೆಯೇ?

ಕೊನೆಗೆ ಸೋತು, ಗಿರಿಜಾಳ ಹಿಂದೆ ಮುಂಡರಗಿಗೆ ಮನೆ ನೋಡಲು ಹೋದೆ. ಮನೆ ಚೆನ್ನಾಗಿತ್ತು, ಅದೇ ನನ್ನ ದುಃಖ. ಹಿತ್ತಲಲ್ಲಿ ಕರಿಬೇವು, ದೂರದಲ್ಲಿ ಕಪ್ಪತಗುಡ್ಡ. ಅವಳು ಅಡುಗೆಮನೆಯಲ್ಲಿ ನಿಂತು ಡಬ್ಬಿ ಇಡುವ ಜಾಗವನ್ನೂ ಗೊತ್ತು ಮಾಡುತ್ತಿದ್ದಳು. ಅಷ್ಟರಲ್ಲಿ ಫೋನು. ಬೆಟಗೇರಿಯ ಪಕ್ಕದ ಮನೆಯ ಶಾಂತಕ್ಕ ನನಗೂ ಕೇಳುವ ಹಾಗೆ ಕೂಗುತ್ತಿದ್ದರು: “ಗಿರಿಜಕ್ಕಾ, ನಳಾ ಬಂದಾವ! ಎಲ್ಲಿದ್ದೀ?”

ನಮ್ಮ ಓಣಿಯಲ್ಲಿ ವಾರಗಟ್ಟಲೆ ಕಾದ ಮೇಲೆ ಬರುವ ನೀರು ಅದು. ಗಿರಿಜಾ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದಾಗಿತ್ತು. “ಜಲ್ದಿ ನಡೀರಿ, ಊರಿಗೆ ಹೋಗೂಣು!”

ಯಾವ ಊರಿಗೆ ಎಂದು ನಾನು ಕೇಳಲಿಲ್ಲ.

ನಾವು ಮುಟ್ಟುವ ಹೊತ್ತಿಗೆ ನೀರು ನಿಂತಿತ್ತು. ಆದರೆ ಶಾಂತಕ್ಕ ಮತ್ತು ಎದುರುಮನೆಯ ನೇಕಾರರು ಸೇರಿ ಅಂಗಳದಲ್ಲಿದ್ದ ನಮ್ಮ ಡ್ರಮ್ಮು, ಕೊಡ, ಬಕೀಟು ಎಲ್ಲ ತುಂಬಿ ಮುಚ್ಚಿಟ್ಟಿದ್ದರು. ಗಿರಿಜಾ ಒಂದೊಂದೇ ಮುಚ್ಚಳ ತೆಗೆದು ನೋಡಿದಳು.

“ಮತ್ತ ಊರಿಗೆ ಯಾವಾಗ ಹೋಗೋದು?” ಎಂದು ಕೆಣಕಿದೆ.

ಅವಳು ಒಂದು ತಂಬಿಗೆ ನೀರು ತುಂಬಿ ನನ್ನ ಕೈಗಿಟ್ಟಳು.

“ಬಂದೀವಲ್ಲರೀ. ಮಾಲಕರಿಗೆ ಫೋನ್ ಹಚ್ಚರಿ.”