ಮೈಕ್ ಕೆಟ್ಟಿರಲಿಲ್ಲ, ಅಕ್ಕಾ

ಅಕ್ಕಾ, ನನ್ನ ಫೋನಿನ ಮೈಕ್ ಕೆಟ್ಟಿದ್ದು ಒಂದೇ ಒಂದು ದಿನ. ಉಳಿದ ನಲವತ್ತು ದಿನ ನಾನು ನಿನಗೆ ಸುಳ್ಳು ಹೇಳಿದೆ. ಹೇಳಿದೆ ಅನ್ನುವುದೂ ಸರಿಯಲ್ಲ — ಬಾಯಿ ಬಿಗಿಹಿಡಿದು ಕೂತೆ, ಆ ಕೂತದ್ದೇ ಸುಳ್ಳು. "ಮನೆದೇವರು ಮಲ್ಲಯ್ಯ ನನ್ನ ತಂಗಿಯ ಫೋನಿಗೆ ಬಾಯಿ ಕೊಟ್ಟ" ಎಂದು ಆರು ವರ್ಷದಿಂದ ಕಂಡಕಂಡವರಿಗೆ ಹೇಳುತ್ತ ಬಂದಿದ್ದೀಯಲ್ಲ — ಆ ಬಾಯಿ ಮುಚ್ಚಿದವಳೂ ನಾನೇ, ತೆರೆದವಳೂ ನಾನೇ.

ನಿನಗೆ ಗೊತ್ತಿರುವ ಸಂಗತಿಗಳನ್ನೂ ಮೊದಲಿನಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನೇರವಾಗಿ ತಪ್ಪಿನ ಹತ್ತಿರ ಹೋಗಲು ನನಗೆ ಧೈರ್ಯ ಸಾಲುತ್ತಿಲ್ಲ.

ಅವ್ವ ಸತ್ತಾಗ ನನಗೆ ಏಳು ವರ್ಷ, ನಿನಗೆ ಹದಿನೆಂಟು. ನೀನು ಗಂಡನ ಜೊತೆ ಕಬ್ಬು ಕಡಿಯಲು ಬಾರಾಮತಿಗೆ ಬಂದೆ. ನಿನಗೆ ಇಪ್ಪತ್ತಾರು ತುಂಬುವ ಮೊದಲೇ ಅವನು ತೀರಿಕೊಂಡ. ಮಕ್ಕಳಿರಲಿಲ್ಲ. ಊರಿಗೆ ತಿರುಗಿ ಬಾ ಎಂದು ಎಲ್ಲರೂ ಅಂದರೂ ನೀನು ಅಲ್ಲಿಯೇ ಡೇರಿಯಲ್ಲಿ ಹಾಲಿನ ಕ್ಯಾನು ತೊಳೆಯುವ ಕೆಲಸ ಹಿಡಿದು, ಅಜ್ಜಿಯ ಹತ್ತಿರ ನನ್ನನ್ನಿಟ್ಟು ಹತ್ತನೆಯ ತನಕ ಓದಿಸಿದೆ. ನನಗೆ ಗಂಡು ಹುಡುಕಿದ್ದು ನೀನು. ಪುಣೆಯಲ್ಲಿ ಕಟ್ಟಡಗಳ ಸೆಂಟ್ರಿಂಗ್ ಕೆಲಸ ಮಾಡುವವರ ಮನೆಗೆ ನನ್ನನ್ನು ಕೊಟ್ಟು, ಖರಾಡಿಯ ಆ ಒಂದು ಕೋಣೆಯಲ್ಲಿ ಒಲೆ ಹೂಡಿಕೊಟ್ಟದ್ದೂ ನೀನು. ಆ ಒಲೆಯ ಮೇಲೆ ಜೋಳದ ರೊಟ್ಟಿ ಬಡಿದು ಬಡಿದು ನಾನು ಇವತ್ತು ನಾಲ್ಕು ಜನ ಗುರುತಿಸುವ ರೊಟ್ಟಿಯ ಸುವರ್ಣಾ ಆಗಿದ್ದೇನೆ.

ನೀನು ದಿನಾ ಸಂಜೆ ಆರಕ್ಕೆ ಫೋನ್ ಮಾಡುತ್ತಿದ್ದೆ. ಆರಕ್ಕೇ ನನ್ನ ರೊಟ್ಟಿಯ ಭರಾಟೆ. ಫ್ಲ್ಯಾಟುಗಳಿಂದ, ಮೆಸ್ಸುಗಳಿಂದ ಗಿರಾಕಿ ಬಂದು ಬಾಗಿಲಲ್ಲಿ ನಿಂತಿರುತ್ತಾರೆ, ಕೈತುಂಬ ಹಿಟ್ಟು, ಎದುರಿಗೆ ಕಾದ ಹೆಂಚು — ಆಗ ನಿನ್ನ ಉಪದೇಶ. ನೀರು ಕುದಿಸಿ ಕುಡಿ, ಮಗಳು ಭಾಗ್ಯಾಳ ತಲೆಗೆ ಎಣ್ಣೆ ಹಚ್ಚು, ಆ ಪಕ್ಕದವಳನ್ನು ಹೆಚ್ಚು ಹಚ್ಚಿಕೊಳ್ಳಬೇಡ. ನಾನು ಹೂಂ ಅಂದರೆ ಮನಸ್ಸಿಟ್ಟು ಹೂಂ ಅನ್ನಲಿಲ್ಲ ಎಂದು ಬೈಗುಳ. ಉತ್ತರ ಕೊಟ್ಟರೆ ಎದುರು ಮಾತಾಡಿದೆ ಎಂದು ಬೈಗುಳ. ನಲವತ್ತೆರಡು ವರ್ಷದ ಹೆಂಗಸು ನಾನು, ಮದುವೆಗೆ ಬಂದ ಮಗಳ ತಾಯಿ, ಆರು ಗಂಟೆ ಆದರೆ ಏಳು ವರ್ಷದ ಹುಡುಗಿ ಆಗಿಬಿಡುತ್ತಿದ್ದೆ.

ಒಂದು ಸಂಜೆ ನೀನು ಹಲೋ, ಹಲೋ ಅನ್ನುತ್ತಲೇ ಇದ್ದೆ. ನಿನ್ನದೆಲ್ಲ ನನಗೆ ಕೇಳಿಸುತ್ತಿತ್ತು, ನನ್ನದು ನಿನಗೆ ಕೇಳಿಸುತ್ತಿರಲಿಲ್ಲ. ನಾನು ಕಿರುಚಿದೆ, ಫೋನನ್ನು ತಿರುವಿ ಹಿಡಿದೆ — ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಮೊಬೈಲ್ ಅಂಗಡಿಯವನು ಕವರ್ ಬಿಚ್ಚಿ, ಕೆಳಗಿನ ಸಣ್ಣ ತೂತನ್ನು ಭೂತಗನ್ನಡಿ ಹಿಡಿದು ನೋಡಿ ನಕ್ಕ. ಮೈಕಿನ ತೂತಿನ ತುಂಬ ಜೋಳದ ಹಿಟ್ಟು. ಮೆತ್ತನೆಯ ಬ್ರಷ್ಷಿನಿಂದ ಎರಡು ಸಲ ಝಾಡಿಸಿದ, ನನ್ನಿಂದ ನಾಲ್ಕು ಮಾತು ಆಡಿಸಿ ರೆಕಾರ್ಡ್ ಮಾಡಿ ಕೇಳಿಸಿದ. ನನ್ನ ಧ್ವನಿ ಗಂಟೆಯ ಹಾಗಿತ್ತು.

ಅವತ್ತು ಸಂಜೆ ನೀನು ಫೋನ್ ಮಾಡಿ, "ಸುವಿ, ಇವತ್ತರ ಕೇಳಿಸ್ತದೇನು?" ಅಂದಾಗ — ನಾನು ಬಾಯಿ ತೆರೆದಿದ್ದೆ, ಅಕ್ಕಾ. ಮಲ್ಲಯ್ಯನ ಆಣೆ, ತೆರೆದಿದ್ದೆ. ಹೆಂಚಿನ ಮೇಲೆ ರೊಟ್ಟಿ ಉಬ್ಬಿತ್ತು. ಇನ್ನೊಂದೇ ಒಂದು ದಿನ ಅಂದುಕೊಂಡೆ. ಒಂದು ದಿನ ಸುಮ್ಮನೆ ರೊಟ್ಟಿ ಬಡಿಯೋಣ ಅಂದುಕೊಂಡೆ.

ಆದರೆ ನೀನು ಸುಮ್ಮನಿರುವವಳೇ? ಓದು ಬರಹ ಬಾರದ ನೀನು ಮರುದಿನವೇ ಒಂದು ಉಪಾಯ ತಂದೆ. ಮಾತಾಡುವಾಗ ಫೋನಿನಲ್ಲಿ ಅಂಕಿ ಒತ್ತಿದರೆ ಆ ಕಡೆ ಟುಂಯ್ ಅಂತ ಕೇಳಿಸುತ್ತದಂತೆ, ಅದಕ್ಕೆ ಮೈಕ್ ಬೇಕಾಗಿಲ್ಲವಂತೆ. ಹೌದು ಅಂದರೆ ಒಂದು ಸಲ ಒತ್ತು, ಇಲ್ಲ ಅಂದರೆ ಎರಡು ಸಲ. ಇದನ್ನು ನಿನಗೆ ಹೇಳಿಕೊಟ್ಟವರು ಡೇರಿಯ ಗೇಟಿನ ಎದುರು ಲೌಡ್‌ಸ್ಪೀಕರ್ ಮತ್ತು ಮೊಬೈಲ್ ರಿಪೇರಿಯ ಅಂಗಡಿ ಇಟ್ಟಿದ್ದ ವಸಂತರಾವ್ — ಹೆಂಡತಿ ತೀರಿಕೊಂಡು ಹತ್ತು ವರ್ಷವಾದ, ಮಿತಭಾಷಿ ಮರಾಠಿ ಮನುಷ್ಯ. ಅಲ್ಲಿಯ ತನಕ ಅವರು ನಿನಗೆ ಬರೀ ಮುಖಪರಿಚಯ.

ಆಮೇಲೆ ದಿನಾ ಡೇರಿ ಬಿಟ್ಟ ಮೇಲೆ ನೀನು ಅವರ ಅಂಗಡಿಗೆ ಹೋಗಿ ನನ್ನ ಫೋನಿನ ರೋಗ ಹೇಳುವುದು, ಅವರು ಒಂದು ಮದ್ದು ಹೇಳುವುದು, ಅದನ್ನು ನೀನು ಸಂಜೆ ನನಗೆ ಒಪ್ಪಿಸುವುದು ನಡೆಯಿತು. ಕವರ್ ತೆಗೆದು ಮಾತಾಡು. ಗಾಜಿನ ಮೇಲಿನ ಹಾಳೆ ತೂತನ್ನು ಮುಚ್ಚಿರಬಹುದು, ಸರಿಸಿ ನೋಡು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕು, ಪಿನ್ನು ಚುಚ್ಚಿದೆಯೋ ಮೈಕ್ ಹರಿದು ಹೋಗುತ್ತದೆ. ಬ್ಲೂಟೂತ್ ಆರಿಸು, ನಿನ್ನ ಧ್ವನಿ ಇನ್ಯಾವುದೋ ಪೆಟ್ಟಿಗೆಗೆ ಹೋಗುತ್ತಿರಬಹುದು. ಸ್ಪೀಕರಿಗೆ ಹಾಕು, ಆಗ ಮೇಲಿನ ಇನ್ನೊಂದು ಮೈಕ್ ಕೆಲಸ ಮಾಡುತ್ತದೆ. ಪ್ರತಿ ಮದ್ದಿನ ಕೊನೆಗೂ ನೀನು, "ಈಗ ಆತೇನು, ಸುವಿ?" ಎಂದು ಕೇಳುತ್ತಿದ್ದೆ. ನಾನು ಹಿಟ್ಟಿನ ಬೆರಳಿಂದ ಎರಡು ಸಲ ಒತ್ತುತ್ತಿದ್ದೆ. ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡದ್ದೂ ಉಂಟು — ಆಗೆಲ್ಲ ಇದು ಆಟದ ಹಾಗೆ ಇತ್ತು.

ಆದರೆ ಬರಬರುತ್ತ ಬೇರೆಯೇ ಒಂದು ಸಂಗತಿ ನಡೆಯಿತು, ಅದನ್ನು ಹೇಗೆ ಬರೆಯಲಿ... ಎದುರು ಮಾತಾಡುವವರು ಇಲ್ಲದೆ ನಿನ್ನ ಉಪದೇಶ ತಾನಾಗಿ ನಿಂತುಹೋಯಿತು. ನೀನು ನಿನ್ನ ಸುದ್ದಿ ಹೇಳತೊಡಗಿದೆ. ಡೇರಿಯ ಅಂಗಳದಲ್ಲಿ ಯಾರೂ ಇಲ್ಲದಾಗ ಸೈಕಲ್ ಕಲಿತೆ ಎಂದೆ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಂತು ಕುಲ್ಫಿ ತಿಂದೆ, ಎರಡನೆಯದನ್ನೂ ತಿಂದೆ, ಯಾರಿಗೂ ಹೇಳಬೇಡ ಎಂದೆ. ನಾನು ಚಿಕ್ಕವಳಿದ್ದಾಗ ನನ್ನನ್ನು ಊರಲ್ಲಿ ಬಿಟ್ಟು ಬರುವಾಗ ಬಸ್ಸಿನಲ್ಲಿ ಸೊಲ್ಲಾಪುರದ ತನಕ ಅತ್ತೆ ಎಂದೆ. ಇವು ಯಾವುವೂ ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ನಾನು ನನ್ನ ಅಕ್ಕನ ದನಿ ಕೇಳಿದ್ದೆ, ಅಕ್ಕನನ್ನು ಕೇಳಿರಲಿಲ್ಲ. ಈಗ ಬಾಯಿ ತೆರೆದರೆ ಇವಳು ಹೋಗಿಬಿಡುತ್ತಾಳೆ, ಮತ್ತೆ ಎಣ್ಣೆ ಹಚ್ಚು ಎನ್ನುವವಳು ಬರುತ್ತಾಳೆ ಎಂಬ ಆಸೆಬುರುಕತನ ನನಗೆ. ಕದ್ದು ಕೇಳುತ್ತಿದ್ದೇನೆ ಎಂದು ಗೊತ್ತಿತ್ತು. ಆದರೂ ಐದೂಮುಕ್ಕಾಲಿಗೇ ಕೈ ತೊಳೆದು ಫೋನಿನ ಪಕ್ಕ ಕೂರುತ್ತಿದ್ದೆ.

ನಲವತ್ತೊಂದನೆಯ ದಿನ. ಅವತ್ತು ನಿನ್ನ ಧ್ವನಿ ಸಣ್ಣದಾಗಿತ್ತು. ಮೊದಲು, ಕೇಳುತ್ತಿದ್ದರೆ ಒಂದು ಒತ್ತು ಅಂದೆ. ಒತ್ತಿದೆ.

"ವಸಂತರಾವ್ ಲಗ್ನ ಆಗೋಣು ಅಂತ ಕೇಳ್ಯಾರ, ಸುವಿ. ನನಗೂ ಮನಸ್ಸದ. ಆದ್ರ ನೀ ಬ್ಯಾಡ ಅಂದ್ರ ಇಲ್ಲ. ಹೂಂ ಅಂದ್ರ ಒಂದು ಸಲ ಒತ್ತು, ಬ್ಯಾಡ ಅಂದ್ರ ಎರಡು."

ಈಗ ಬರೆಯುವುದನ್ನು ಇಷ್ಟು ವರ್ಷ ನಾನು ನನಗೂ ಹೇಳಿಕೊಂಡಿಲ್ಲ. ಭಾಗ್ಯಾಳಿಗೆ ಆಗತಾನೇ ಒಂದು ಸಂಬಂಧ ಕೂಡಿಬರುತ್ತಿತ್ತು. ದೊಡ್ಡವ್ವ ಐವತ್ತಮೂರಕ್ಕೆ ಮದುವೆಯಾದಳು, ಅದೂ ಬೇರೆ ಜಾತಿ, ಬೇರೆ ಭಾಷೆಯವನನ್ನು ಎಂದು ಗೊತ್ತಾದರೆ ಆ ಬೀಗರು — ಅಷ್ಟೇ ನನ್ನ ತಲೆಯಲ್ಲಿ ಬಂದದ್ದು. ನಿನ್ನ ಇಪ್ಪತ್ತೇಳು ವರ್ಷದ ಒಂಟಿತನ ಬರಲಿಲ್ಲ. ಕುಲ್ಫಿ ಬರಲಿಲ್ಲ. ನಾನು ಎರಡು ಸಲ ಒತ್ತಿದೆ.

ಫೋನ್ ತಾನೇ ಎರಡು ಸಲ ಟುಂಯ್ ಅಂದಿತು ಎಂದು ನಿನಗೆ ಆಮೇಲೆ ಹೇಳಿದೆನಲ್ಲ, ಅದು ಸುಳ್ಳು. ಬೆರಳು ನನ್ನದು. ತಿಳಿದೇ ಒತ್ತಿದೆ.

 ನೀನು, "ಆತು ತಗೋ, ನಾ ಸುಮ್ನ ಕೇಳಿದೆ" ಅಂದೆ. ಅಂದವಳೇ ಡೇರಿಗೆ ಹೊಸ ಕ್ಯಾನು ಬಂದ ಸುದ್ದಿ ಎತ್ತಿದೆ. ಭಾಗ್ಯಾಳ ಮದುವೆಗೆಂದು ಒಂದು ಇಳಕಲ್ ಸೀರೆ ತೆಗೆದಿಟ್ಟಿದ್ದೀಯಂತೆ, ಸೆರಗು ಚೆನ್ನಾಗಿದೆಯಂತೆ. ಧ್ವನಿ ಒಂದಿಷ್ಟೂ ನಡುಗಲಿಲ್ಲ. ಜೀವಮಾನವಿಡೀ ಬೇಡ ಅನ್ನಿಸಿಕೊಂಡು ರೂಢಿಯಾದವರ ಧ್ವನಿ ಅದು. ನಾನು ಅದನ್ನು ಕೇಳಲಾರದೆ ಹೋದೆ.

"ಅಕ್ಕಾ, ಲಗ್ನ ಆಗು. ನೀ ಲಗ್ನ ಆಗು."

ಆ ಕಡೆ ಏನೋ ಬಿದ್ದ ಸಪ್ಪಳ. ಆಮೇಲೆ ನೀನು ಮೆಲ್ಲಗೆ, "ಸುವಿ, ನಿಂದು ಕೇಳಿಸ್ತು" ಅಂದೆ. ಅಷ್ಟಂದು ಅಳತೊಡಗಿದೆ, ನಾನೂ ಅತ್ತೆ. ಬಾಗಿಲಲ್ಲಿ ನಿಂತ ಗಿರಾಕಿ ಹೆಂಗಸು ಯಾರೋ ತೀರಿಕೊಂಡರು ಎಂದುಕೊಂಡು ತಾನೇ ಒಳಗೆ ಬಂದು ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. ನಲವತ್ತು ದಿನ ಮೂಕವಾಗಿದ್ದ ಫೋನಿಗೆ ಮಲ್ಲಯ್ಯ ಇದೊಂದು ಮಾತಿಗಾಗಿ ಬಾಯಿ ಕೊಟ್ಟ ಎಂದು ನೀನು ಹೇಳುತ್ತಿದ್ದೆ. ಅಲ್ಲ ಎಂದು ನಾನು ಹೇಳಬೇಕಾಗಿದ್ದ ಗಳಿಗೆ ಅದೇ. ಹೇಳಲಿಲ್ಲ.

ಮದುವೆ ನೆನಪಿದೆಯಲ್ಲ. ಜೇಜುರಿಯ ಗುಡ್ಡದ ಮೇಲೆ, ನಮ್ಮ ಮಲ್ಲಯ್ಯನೂ ಅವರ ಖಂಡೋಬನೂ ಒಬ್ಬನೇ ಆಗಿರುವ ಜಾಗದಲ್ಲಿ, ಇಪ್ಪತ್ತು ಜನರ ಮುಂದೆ. ನಾನು ಯಾರಿಗೆ ಹೆದರಿ ಎರಡು ಸಲ ಒತ್ತಿದೆನೋ ಆ ಬೀಗರೇ ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಹೆಚ್ಚು ಭಂಡಾರದ ಅರಿಶಿನ ಎರಚಿ, ಎಲ್ಲರಿಗಿಂತ ಜೋರಾಗಿ ಕುಣಿದರು. ಅರಿಶಿನದಲ್ಲಿ ಮುಳುಗಿ ನೀನು ನಕ್ಕದ್ದು — ಅಕ್ಕಾ, ನಿನ್ನ ಬಾಯಲ್ಲಿ ಅಷ್ಟು ಹಲ್ಲಿವೆ ಎಂದು ನನಗೆ ಗೊತ್ತಾದದ್ದೇ ಅವತ್ತು.

ಅಲ್ಲಿ ಇನ್ನೊಂದು ನಡೆಯಿತು, ಅದು ನಿನಗೆ ಗೊತ್ತಿಲ್ಲ. ನನ್ನ ಫೋನಿನೊಳಗೂ ಅರಿಶಿನ ಹೋಗಿತ್ತು. ಗುಡ್ಡದ ಕೆಳಗಿದ್ದ ಮನೆಯವರಿಗೆ ಫೋನ್ ಮಾಡಿದರೆ ಅವರಿಗೆ ನನ್ನದು ಕೇಳಿಸದು. ಮದುಮಗನ ಪೇಟ ಸುತ್ತಿದ್ದ ವಸಂತರಾವ್ — ಆ ಗಳಿಗೆಯಿಂದ ನನಗೆ ಭಾವ, ಅವರ ಮಾತಿನಲ್ಲಿ ದಾಜಿ — ಫೋನ್ ಈಸಿಕೊಂಡು ಮೆಟ್ಟಿಲ ಮೇಲೆ ಕೂತು, ಅಂಗಿಯ ಜೇಬಿನಿಂದ ಬ್ರಷ್ ತೆಗೆದು ತೂತನ್ನು ಝಾಡಿಸಿದರು. ಮದುವೆಯ ದಿನವೂ ಜೇಬಿನಲ್ಲಿ ಬ್ರಷ್! ಕಬ್ಬು ಕಡಿಯುವವರ ಫೋನು ರಿಪೇರಿ ಮಾಡುತ್ತ ಕಲಿತ ಕನ್ನಡದಲ್ಲಿ, ನನ್ನೊಬ್ಬಳಿಗೇ ಕೇಳುವಂತೆ ಅಂದರು:

"ಸುವರ್ಣಾತಾಯಿ, ಈ ಸಲ ಖರೇನ ಕೆಟ್ಟದ ನೋಡ್ರಿ."

ನನ್ನ ಮುಖ ಅರಿಶಿನದಡಿಯಲ್ಲೂ ಕೆಂಪಾಗಿರಬೇಕು. ಅವರು ನಗಲಿಲ್ಲ, ಗದರಲಿಲ್ಲ. ಎರಡೂ ಮೈಕ್ ಕೆಟ್ಟಿದ್ದರೆ ಫೋನಿನಲ್ಲಿ ಗಿರಾಕಿಗಳ ಆರ್ಡರು ಹಿಡಿಯುವುದು ಹೇಗೆ, ಇದು ಕೆಟ್ಟೇ ಇಲ್ಲ ಎಂದು ಹತ್ತನೆಯ ದಿನವೇ ಅವರಿಗೆ ಹೊಳೆದಿತ್ತಂತೆ. ಮತ್ತೆ ಯಾಕೆ ದಿನಾ ಹೊಸ ಹೊಸ ಮದ್ದು ಹೇಳಿದಿರಿ ಎಂದು ಕೇಳಿದೆ. ಮದ್ದು ಮುಗಿದರೆ ನಿಮ್ಮ ಅಕ್ಕ ಮಹಾನಂದಾ ನನ್ನ ಅಂಗಡಿಗೆ ಬರುವುದೂ ಮುಗಿಯುತ್ತದಲ್ಲ ಎಂದರು. ನಿನ್ನ ಗಂಡ ಕಳ್ಳ, ಅಕ್ಕಾ. ಒಳ್ಳೆಯ ಕಳ್ಳ. ಆದರೆ ಅವರ ಕಳ್ಳತನದಿಂದ ನನ್ನದು ಸಣ್ಣದಾಗುವುದಿಲ್ಲ. ನಾನು ತಿಳಿದೇ ಎರಡು ಸಲ ಒತ್ತಿದ್ದು ಅವರಿಗೂ ಗೊತ್ತಿಲ್ಲ.

ಇದೆಲ್ಲ ಸುಖವಾಗಿಯೇ ಮುಗಿದಿದೆ, ಈಗೇಕೆ ಕೆದಕುವುದು ಎಂದು ಆರು ವರ್ಷ ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಅಷ್ಟು ಚೆನ್ನಾಗಿ ರೂಢಿಯಾಗಿತ್ತು. ಆದರೆ ಮಲ್ಲಯ್ಯ ಬಾಯಿ ಕೊಟ್ಟ ಎಂದು ನೀನು ಹರಕೆ ಹೊತ್ತು ಪ್ರತಿ ಭಾನುವಾರ ನೀರು ಬಿಟ್ಟು ಏನನ್ನೂ ಮುಟ್ಟುವುದಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೂ ಬಿಡಲಿಲ್ಲ. ಡಾಕ್ಟರು ಉಪವಾಸ ಕೂಡದು ಎಂದರೂ, ದೇವರಿಗೆ ಕೊಟ್ಟ ಮಾತು ಎಂದೆಯಂತೆ. ಹೋದ ಭಾನುವಾರ ಅಂಗಡಿಯಲ್ಲಿ ತಲೆ ತಿರುಗಿ ಕುಸಿದೆಯಂತೆ. ದಾಜಿ ನನಗೆ ಫೋನ್ ಮಾಡಿದರು. ಅವರು ನನ್ನ ಗುಟ್ಟನ್ನು ನಿನಗೆ ಹೇಳಿ ಒಂದೇ ಮಾತಿನಲ್ಲಿ ಉಪವಾಸ ಬಿಡಿಸಬಹುದಿತ್ತು. ಹೇಳಿಲ್ಲ. ನೀವು ಹೇಳಿದರೆ ಕೇಳುತ್ತಾಳೆ ಎಂದಷ್ಟೇ ಅಂದು ಫೋನ್ ಇಟ್ಟರು.

ಹಾಗಾಗಿ ಹೇಳುತ್ತಿದ್ದೇನೆ. ಅವತ್ತು ಮಾತಾಡಿದ್ದು ದೇವರಲ್ಲ. ನಿನ್ನ ತಂಗಿ. ಮೊದಲು ಬೇಡ ಅಂದು, ಆಮೇಲೆ ಹೂಂ ಅಂದ ತಂಗಿ. ನೀನು ಯಾರಿಗೂ ಹರಕೆ ತೀರಿಸಬೇಕಾಗಿಲ್ಲ.

ಈ ಕಾಗದವನ್ನು ಯಾರ ಕೈಯಲ್ಲೂ ಓದಿಸಿಕೊಳ್ಳುವ ಕಷ್ಟ ನಿನಗೆ ಕೊಡುವುದಿಲ್ಲ. ಫೋನಿನಲ್ಲೂ ಹೇಳುವುದಿಲ್ಲ. ಈ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ, ನಿನ್ನ ಎದುರು ಕೂತು ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ನಾನೇ ಓದುತ್ತೇನೆ. ನೀನು ಬೈಯಿ. ಎಷ್ಟು ಹೊತ್ತು ಬೇಕಾದರೂ ಬೈಯಿ, ಒಂದಕ್ಕೂ ಎದುರು ಮಾತಾಡುವುದಿಲ್ಲ. ಬೈದು ಮುಗಿದ ಮೇಲೆ ನಾನು ಎಲೆ ಹಾಕುತ್ತೇನೆ.

ಊಟ ಮಾಡು, ಅಕ್ಕಾ.