ನಮ್ಮ ಹೊಲದ ಟವರು

ನಮ್ಮ ಹೊಲದಲ್ಲಿ ಮೊಬೈಲ್ ಟವರು ಎದ್ದ ಮೇಲೆ, ಅದರಲ್ಲಿ ಹಾದುಹೋಗುವ ಮಾತೆಲ್ಲ ತನ್ನದೇ ಅಂತ ಅಣ್ಣನಿಗೆ ಅನಿಸಿಬಿಟ್ಟಿತ್ತು. ಕೆ.ಆರ್. ಪೇಟೆಯ ಆಚೆ ನಮ್ಮೂರು. ಅವನ ಮಗಳು ನಾಗಮಂಗಲದ ಕಡೆ ನರ್ಸಿಂಗ್ ಕೊನೆಯ ವರ್ಷ ಓದುತ್ತಿದ್ದಳು. ನಾನು ಪಾಂಡವಪುರದಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಮಗಳು ಯಾವನೋ ಹುಡುಗನಿಗೆ ಮೆಸೇಜ್ ಮಾಡುತ್ತಾಳೆಂದು ಯಾರೋ ಅಣ್ಣನ ಕಿವಿ ಊದಿದ್ದರು. ರಜೆಗೆ ಬಂದವಳ ಫೋನು ಕಿತ್ತುಕೊಂಡು, ಇದು ನಿಜವಾದರೆ ಓದು ಇಲ್ಲಿಗೇ ಮುಗಿಯಿತು, ಪರೀಕ್ಷೆಗೂ ಕಳಿಸುವುದಿಲ್ಲ ಎಂದು ಕೂತಿದ್ದ. ನನ್ನನ್ನೂ ಕರೆಸಿದ.

"ನೀನು ಇದ್ನೇ ಅಲ್ವೇನಮ್ಮಿ ಪಾಠ ಮಾಡದು? ಟವರಿಂದ ಮೆಸೇಜ್ ಇಳ್ಸು."

"ಆಗಕಿಲ್ಲ ಕಣಣ್ಣ."

"ಟವರು ನಮ್ಮೊಲದಾಗೇ ಐತಲ್ಲ!"

"ನಾಲೇನೂ ನಮ್ಮೊಲದಾಗೇ ಓಯ್ತದೆ. ಅಂಗಂತ ನೀರೆಲ್ಲ ನಮ್ದಾ?"

"ತೂಬು ಎತ್ತಿದ್ರೆ ನಮ್ದೇಯ," ಎಂದ.

ನಗು ಬಂತು, ಸಿಟ್ಟೂ ಬಂತು. ಆದರೂ ಬಿಡಿಸಿ ಹೇಳಿದೆ. ಎರಡು ಫೋನುಗಳು ಮಾತಿಗೆ ಮೊದಲು ತಮ್ಮಲ್ಲೇ ಒಂದು ಕೀಲಿ ಗೊತ್ತುಮಾಡಿಕೊಳ್ಳುತ್ತವೆ. ತಂತಮ್ಮ ಗುಟ್ಟನ್ನು ತಾವೇ ಇಟ್ಟುಕೊಂಡು, ಒಂದಿಷ್ಟು ಲೆಕ್ಕವನ್ನು ಮಾತ್ರ ಎಲ್ಲರೆದುರು ಅದಲುಬದಲು ಮಾಡಿಕೊಳ್ಳುತ್ತವೆ. ಆ ಲೆಕ್ಕವನ್ನು ನಡುವೆ ಯಾರು ಕದ್ದು ನೋಡಿದರೂ ಕೀಲಿ ಸಿಗುವುದಿಲ್ಲ. ಟವರಿಗೆ ಸಿಗುವುದು ಅರ್ಥವಿಲ್ಲದ ಅಕ್ಷರಗಳ ರಾಶಿ, ಮೆಸೇಜಿನ ಆಪ್ ತಯಾರಿಸಿದ ಕಂಪನಿಗೂ ಅಷ್ಟೇ.

"ಆಗಕಿಲ್ವೋ, ಮಾಡಕಿಲ್ವೋ?"

"ಎಲ್ಡೂವೆ."

ಅಣ್ಣ ದಡ್ಡನಲ್ಲ. ದಾರಿಯಲ್ಲಿ ಸಿಗದ್ದು ಮನೆ ಬಾಗಿಲಲ್ಲಿ ಸಿಗುತ್ತದೆ ಎಂದು ಅವನಿಗೆ ತಟ್ಟನೆ ಹೊಳೆಯಿತು. ಬೆರಳು ಇಟ್ಟರೆ ತೆರೆಯುವ ಆ ಫೋನಿನತ್ತ ಮಗಳ ಕೈ ಹಿಡಿದೆಳೆದು, "ಬೆಳ್ಳು ಮಡಗು ಇದ್ರ ಮ್ಯಾಲೆ" ಎಂದ. ಅವಳು ನನ್ನ ಮುಖ ನೋಡಿದಳು. ಇಲ್ಲಿ ನನ್ನ ಪಾಠದ ಯಾವ ಗಣಿತವೂ ಅಡ್ಡ ಬರುವುದಿಲ್ಲ, ನಾನೇ ಬರಬೇಕಿತ್ತು.

"ಕೊಡಿಲ್ಲಿ, ನೋಡ್ತೀನಿ" ಎಂದು ಫೋನು ಇಸಿದುಕೊಂಡೆ. ಆಫ್ ಮಾಡಿ, ಆನ್ ಮಾಡಿ, ಅವನ ಕೈಗೇ ವಾಪಸು ಕೊಟ್ಟೆ. ಹಾಗೆ ಮಾಡಿದ ಮೇಲೆ ಮೊದಲ ಸಲ ಫೋನು ಬೆರಳನ್ನು ಒಪ್ಪುವುದಿಲ್ಲ, ನಂಬರನ್ನೇ ಕೇಳುತ್ತದೆ. ನಂಬರು ಇದ್ದದ್ದು ಅವಳ ತಲೆಯಲ್ಲಿ.

"ನಂಬರು ಯೋಳಮ್ಮಿ," ಅಣ್ಣ ಗದರಿಸಿದ.

ಅವಳು ಅಪ್ಪನನ್ನೇ ನೋಡುತ್ತಾ ಅಂದಳು: "ಯೋಳಕಿಲ್ಲ ಕಣಪ್ಪ. ಪರೀಕ್ಸೆ ಬರೆಯಕೆ ಓಯ್ತೀನಿ."

ಆ ಮೆಸೇಜುಗಳಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ಅಣ್ಣ ಹೋಗಿ ಬಾಗಿಲಿಗೆ ಅಡ್ಡ ನಿಂತ. ಅವಳ ಬ್ಯಾಗನ್ನು ಹೆಗಲಿಗೇರಿಸಿಕೊಂಡು ನಾನು ಅವನೆದುರಿಗೇ ಹೋದೆ.

"ಜರುಗಣ್ಣ."

ಜರುಗಿದ.